ಕೊಟ್ರಬಸಮ್ಮನ ಹೊಟ್ಟೆಯ ಫೋಟೋ

ಕುರುಗೋಡಿನ ಪಂಚಾಯಿತಿ ಗುಮಾಸ್ತ ಗವಿಸಿದ್ದಪ್ಪನಿಗೆ ವೈದ್ಯಕೀಯ ಜ್ಞಾನ ಬಂದದ್ದು ಓದಿನಿಂದಲ್ಲ, ಹರ್ನಿಯಾದಿಂದ. ಅರವತ್ತಾರನೇ ಇಸವಿಯಲ್ಲಿ ಆ ಪುಣ್ಯಾತ್ಮ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಮಲಗಿದ್ದ. ಹೋಗುವಾಗ ಅಳುತ್ತ ಹೋದವನು ಬರುವಾಗ ಅರ್ಧ ಡಾಕ್ಟರಾಗಿ ಬಂದ. ಯಾವ ಬಾಗಿಲಿನಿಂದ ಒಳಗೆ ಹೋಗಬೇಕು, ಯಾವ ಕಿಟಕಿಯಲ್ಲಿ ಚೀಟಿ ಬರೆಸಬೇಕು, ಯಾವ ಸಿಸ್ಟರಿಗೆ ಎಷ್ಟು ಹೊತ್ತಿಗೆ ಸಿಟ್ಟು ಬರುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. ಅಲ್ಲಿಂದ ಮುಂದಕ್ಕೆ ಎಂಟು ವರ್ಷ ಊರಿನಲ್ಲಿ ಯಾರಿಗೆ ಚೇಳು ಕಚ್ಚಲಿ, ಯಾರ ಹೆರಿಗೆ ತಡವಾಗಲಿ, ಜೊತೆಗೆ ಗವಿಸಿದ್ದಪ್ಪ ಹೊರಡಲೇಬೇಕು. ಅದಕ್ಕೆಂದೇ ಒಂದು ಬಿಳಿ ತುಂಬುತೋಳಿನ ಅಂಗಿ ಇಸ್ತ್ರಿಯಾಗಿ ಗೂಟದಲ್ಲಿ ತೂಗುತ್ತಿತ್ತು.

ಅವನಿಗೊಂದು ಸಿದ್ಧಾಂತವೂ ಇತ್ತು. "ಡಾಕ್ಟ್ರ ಮುಂದ ರೋಗಿ ಬಾಯಿ ತೆಗೀಬಾರ್ದು. ಅವ್ರು ಕೇಳೋದು ಒಂದು, ಇವ್ರು ಹೇಳೋದು ಇನ್ನೊಂದು. ಕಡೀಗೆ ಕಾಲಿಗೆ ಕಟ್ಟೋ ಪಟ್ಟಿ ತಲಿಗೆ ಕಟ್ತಾರ. ರೋಗಿ ಸುಮ್ನ ಮಲಗಬೇಕು, ಜ್ವಾಡಿ ಬಂದವ ಹೇಳಬೇಕು." ಹೀಗೆ ಅವನು ಊರಿನ ಅರ್ಧ ಜನರ ಪರವಾಗಿ ಕೆಮ್ಮಿದ್ದ, ನರಳಿದ್ದ, ಒಮ್ಮೆ ಬಸುರಿಯೊಬ್ಬಳ ಪರವಾಗಿ ವಾಕರಿಕೆ ಎಷ್ಟು ಸಲ ಬರುತ್ತದೆಂದು ಲೆಕ್ಕ ಕೂಡ ಕೊಟ್ಟಿದ್ದ. ಯಾರೂ ಸತ್ತಿರಲಿಲ್ಲವಾದ್ದರಿಂದ ಸಿದ್ಧಾಂತ ಗಟ್ಟಿಯಾಗಿ ನಿಂತಿತ್ತು.

ಎಪ್ಪತ್ತನಾಲ್ಕರ ದಸರೆಗೆ ವಾರವಿರುವಾಗ ಒಂದು ಸಂಜೆ ಅವನ ಹೆಂಡತಿ ಕೊಟ್ರಬಸಮ್ಮ ದೀಪ ಹಚ್ಚಲು ಎದ್ದವಳು ಹಾಗೇ ಹೊಟ್ಟೆ ಹಿಡಿದುಕೊಂಡು ಕುಸಿದು ಕೂತಳು. ಆಗಷ್ಟೇ ಹೊಲದಿಂದ ಬಂದ ಹಸಿ ಶೇಂಗಾದ ರಾಶಿಯ ಮುಂದೆ ಕೂತು ಮಧ್ಯಾಹ್ನವಿಡೀ ಬಳ್ಳಿಯಿಂದ ಕಾಯಿ ಬಿಡಿಸಿದ್ದಳು. ಎಷ್ಟು ಬುಟ್ಟಿಗೆ ಹೋಯಿತು, ಎಷ್ಟು ಬಾಯಿಗೆ ಹೋಯಿತು ಎಂದು ನೋಡಿದವರಿಲ್ಲ. ಪಕ್ಕದ ಮನೆಯವರು ಓಂಕಾಳು ತಂದರು. ಗವಿಸಿದ್ದಪ್ಪ ಅವರನ್ನು ತಡೆದು ನಿಲ್ಲಿಸಿದ.

"ಓಂಕಾಳಿನ ಕೇಸಲ್ಲ ಇದು. ಅಂಗಿ ತರ್ರಿ!"

ಏಳೂವರೆಯ ಬಸ್ಸು ಹಿಡಿದು ಬಳ್ಳಾರಿ ಮುಟ್ಟುವ ಹೊತ್ತಿಗೆ ಬಸ್ಸಿನಲ್ಲಿದ್ದ ನಲವತ್ತು ಜನಕ್ಕೂ ಅಪೆಂಡಿಕ್ಸ್ ಎಂದರೇನು ಎಂದು ತಿಳಿದುಹೋಗಿತ್ತು. ಕೊಟ್ರಬಸಮ್ಮ ಮಾತ್ರ ಕಿಟಕಿಗೆ ತಲೆಯಾನಿಸಿ, ಸೆರಗಿನೊಳಗೆ ಕೈಯಿಟ್ಟು ಹೊಟ್ಟೆಯ ಮೇಲೆ ಭದ್ರವಾಗಿ ಹಿಡಿದುಕೊಂಡು, ತುಟಿಯಲ್ಲೇ ಏನೋ ಜಪಿಸುತ್ತಿದ್ದಳು.

ಆಸ್ಪತ್ರೆಯ ಕಿಟಕಿಯಲ್ಲಿ ಕೂತಿದ್ದವರು ಜಯತೀರ್ಥರು. ಹಣೆಯ ಮೇಲೆ ಅಂಗಾರ, ಅಕ್ಷತೆ, ಕೈಯಲ್ಲಿ ಪೆನ್ನು. ಇಪ್ಪತ್ತು ವರ್ಷದಿಂದ ರಾತ್ರಿ ಪಾಳಿ ಮಾಡಿ ಮಾಡಿ ಯಾರ ಮುಖವನ್ನೂ ನೋಡದೆ ಬರೆಯುವುದನ್ನು ರೂಢಿ ಮಾಡಿಕೊಂಡವರು.

"ಹೆಸರು?"

"ಗವಿಸಿದ್ದಪ್ಪ, ಕುರುಗೋಡು."

"ವಯಸ್ಸು?"

"ನಲವತ್ತೆಂಟು."

"ಏನಾಗ್ಯದ?"

"ಹೊಟ್ಟಿನೋವು. ಜ್ವರ ಇಲ್ಲ. ಮುಟ್ಟು ನಿಂತು ಎರಡು ವರ್ಷ ಆತು."

ಜಯತೀರ್ಥರು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ನೋಡಿದರು. ಚೀಟಿ ಹರಿದು ಇನ್ನೊಂದು ಬರೆದರು.

ಆ ರಾತ್ರಿ ಪಾಳಿಯಲ್ಲಿದ್ದ ಕಿರಿಯ ಡಾಕ್ಟರು ಕೇರಳದ ಕಡೆಯವರು. ಬಂದು ಎರಡು ತಿಂಗಳಾಗಿತ್ತು. ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತಿದ್ದರು, ಆದ್ದರಿಂದ ಇಡೀ ಆಸ್ಪತ್ರೆಯಲ್ಲಿ ಶುದ್ಧ ಕನ್ನಡ ಮಾತಾಡುವವರು ಅವರೊಬ್ಬರೇ. ಕೊಟ್ರಬಸಮ್ಮನ ಕಡೆ ಬಾಗಿ ಬಹಳ ಮರ್ಯಾದೆಯಿಂದ ಕೇಳಿದರು.

"ತಾಯಿ, ವೇದನೆ ಯಾವಾಗ ಆರಂಭವಾಯಿತು?"

"ದೀಪ ಹಚ್ಚೋ ಹೊತ್ತಿಗ್ರಿ," ಎಂದ ಗವಿಸಿದ್ದಪ್ಪ.

"ಯಾವ ಬಗೆಯ ವೇದನೆ?"

"ಹಿಂಡಿದಂಗ ಆಗತೈತ್ರಿ. ನಡುವ ನಡುವ ಚುಚ್ಚಿದಂಗ."

"ನಿಮಗೋ, ಅವರಿಗೋ?"

"ಆಕೀಗೆ ಸಾರ್. ಆಕಿ ಬಾಯಿ ಸತ್ತಾಕಿ, ನಾನು ಹೇಳ್ತೀನಿ."

ಬಾಯಿ ಸತ್ತಾಕಿ ತುಸು ಬಾಯಿ ತೆರೆದಳು. ಗವಿಸಿದ್ದಪ್ಪ ಕೈಯೆತ್ತಿದ. ಡಾಕ್ಟರು ಸೀರೆಯ ಮೇಲಿಂದಲೇ ಪಕ್ಕೆಯನ್ನು ಅಲ್ಲಲ್ಲಿ ಒತ್ತಿ ನೋಡಿದರು. ನಡುಹೊಟ್ಟೆಯ ಮೇಲಿಂದ ಅವಳು ಕೈ ತೆಗೆಯಲಿಲ್ಲ, ಹುಡುಗ ಡಾಕ್ಟರಿಗೆ ತೆಗೆಯಿರಿ ಎನ್ನಲು ಸಂಕೋಚ. ನೋವು ಅಲ್ಲೇ ಇದೆ ಎಂದು ಬರೆದುಕೊಂಡು ಒಂದು ಇಂಜೆಕ್ಷನ್ ಕೊಡಿಸಿದರು.

ಹತ್ತು ಗಂಟೆಗೆ ಕೊಟ್ರಬಸಮ್ಮನಿಗೆ ಒಂದು ದೊಡ್ಡ ತೇಗು ಬಂತು. ಗವಿಸಿದ್ದಪ್ಪ ಅದನ್ನು ಕೇಳಿ ಗಾಬರಿಯಾಗಿ ಡಾಕ್ಟರನ್ನು ಕರೆಯಲು ಓಡಿದ.

"ರೀ, ಒಂದು ಮಾತು," ಎಂದು ಅವಳು ಕೂಗಿದಳು.

"ಮಾತಾಡಬ್ಯಾಡ, ಶಕ್ತಿ ಖರ್ಚಾಗತೈತಿ!" ಎಂದು ಓಡುತ್ತಲೇ ಹೇಳಿದ.

ಡಾಕ್ಟರು ಬಂದು, "ಈಗ ವೇದನೆ ಹೇಗಿದೆ?" ಎಂದರು.

"ವಿಪರೀತ ಆಗೈತ್ರಿ. ಈಗ ಬಾಯಿಂದ ಸಪ್ಪಳ ಬರಾಕ ಹತ್ತೈತಿ."

"ಹಾಗಾದರೆ ಹೊಟ್ಟೆಯ ಫೋಟೋ ತೆಗೆಸೋಣ," ಎಂದರು ಡಾಕ್ಟರು.

ಎಕ್ಸ್‌ರೇ ಎಂದರೆ ಗವಿಸಿದ್ದಪ್ಪನ ಸ್ವಂತ ಸಾಮ್ರಾಜ್ಯ. ಅದರ ನಿಯಮಗಳನ್ನು ಅವನು ಕುರುಗೋಡಿನ ಕಟ್ಟೆಯ ಮೇಲೆ ಎಷ್ಟೋ ಸಲ ಬೋಧಿಸಿದ್ದ. ಮೈಮೇಲೆ ಗುಂಡುಸೂಜಿ ಇದ್ದರೂ ಅದು ಫೋಟೋದಲ್ಲಿ ಕಡಪಾರೆಯ ಹಾಗೆ ಕಾಣುತ್ತದೆ! ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ ಬೋರಮಾಳ, ಬೆಂಡೋಲೆ, ಮೂಗುತಿ, ಡಾಬು, ಕಾಲುಂಗುರ, ಕುಪ್ಪಸದ ಪಿನ್ನು, ಒಂದೊಂದಾಗಿ ಬಿಚ್ಚಿಸಿ ಜೇಬಿಗೆ ಹಾಕಿಕೊಂಡ. ತಾಳಿಯನ್ನು ಅವಳು ಬಿಚ್ಚಲಿಲ್ಲ, ಬೆನ್ನಿಗೆ ಸರಿಸಿಕೊಂಡಳು. ಅಷ್ಟಕ್ಕೆ ವಿನಾಯಿತಿ ಕೊಟ್ಟ.

ಎಕ್ಸ್‌ರೇಯವನು ನಿದ್ದೆಗಣ್ಣಿನಲ್ಲಿ ಗಾಜಿನಾಚೆಯಿಂದ ಕೇಳಿದ: "ಮೈಮ್ಯಾಲೆ ಬಂಗಾರ, ಬೆಳ್ಳಿ, ಏನರ ಐತೇನ್ರೀ?"

"ಏನೂ ಇಲ್ಲ. ನಾನು ಖುದ್ದು ತಗಸೀನಿ," ಎಂದು ಗವಿಸಿದ್ದಪ್ಪ ಜೇಬು ಕುಲುಕಿಸಿ ಸಾಕ್ಷಿ ಕೊಟ್ಟ.

"ರೀ, ನನಗ ಈಗ…" ಎಂದಳು ಕೊಟ್ರಬಸಮ್ಮ.

"ಉಸಿರು ಬಿಗಿ ಹಿಡಿ ಅಂದ್ರ ಮಾತಾಡ್ತೀಯಲ್ಲ!"

ಅವಳು ಉಸಿರು ಬಿಗಿಹಿಡಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅದು ಅವಳಿಗೆ ರೂಢಿಯಾಗಿತ್ತು.

ಅರ್ಧ ಗಂಟೆಯ ಮೇಲೆ, ಇನ್ನೂ ನೀರು ತೊಟ್ಟಿಕ್ಕುವ ಫಿಲ್ಮನ್ನು ಡಾಕ್ಟರು ದೀಪಕ್ಕೆ ಹಿಡಿದರು. ಹಿಡಿದವರು ಹಾಗೇ ನಿಂತರು. ಬೆನ್ನೆಲುಬಿನ ಮುಂದೆ, ಹೊಟ್ಟೆಯ ಸರಿಯಾಗಿ ನಡುವೆ, ಬೆಳ್ಳಗೆ ಒಂದು ಗುಂಡು. ನಡುವೆ ಉಬ್ಬು, ಎರಡೂ ತುದಿಗೆ ತುಸು ಚೂಪು.

"ಇದು ಕೋಳಿಮೊಟ್ಟೆಯ ಗಾತ್ರ ಇದೆ," ಎಂದರು ಡಾಕ್ಟರು, ಸಣ್ಣ ದನಿಯಲ್ಲಿ.

"ಸಾರ್!" ಗವಿಸಿದ್ದಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ನಮ್ಮದು ಲಿಂಗವಂತರ ಮನಿ. ಮೊಟ್ಟಿ ಹೆಸರು ಸೈತ ಒಳಗ ಬರಂಗಿಲ್ಲ!"

"ಮೊಟ್ಟೆ ಅಲ್ಲ. ಮೊಟ್ಟೆಯಷ್ಟು. ಲೋಹವೋ ಕಲ್ಲೋ ಹೇಳಲಾರೆ. ಇವರು ಏನನ್ನಾದರೂ ನುಂಗಿದ್ದಾರೆಯೇ?"

ಗವಿಸಿದ್ದಪ್ಪನ ಬಲಗೈ ತಾನಾಗಿಯೇ ಅಂಗಿಯೊಳಗೆ ಹೋಗಿ, ಕೊರಳಿನ ಶಿವದಾರಕ್ಕೆ ಜೋತುಬಿದ್ದಿದ್ದ ತನ್ನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಕಣ್ಣು ಫಿಲ್ಮಿನ ಮೇಲೆ, ಕೈ ಕರಡಿಗೆಯ ಮೇಲೆ. "ಬಸವಣ್ಣಾ, ಇದು ಏನಂತ ನೀನೇ ತೋರಸಪ್ಪಾ," ಎಂದು ಬೇಡಿಕೊಂಡ. ದೇವರು ಇದಕ್ಕಿಂತ ಹೆಚ್ಚಾಗಿ ಇನ್ನೇನು ತೋರಿಸಬೇಕಿತ್ತೋ ನಮಗೆ ತಿಳಿಯದು.

ಡಾಕ್ಟರು ಹಿರಿಯ ಸರ್ಜನ್ನರಿಗೆ ಫೋನು ಮಾಡಿದರು. ಬೆಳಿಗ್ಗೆ ಏಳಕ್ಕೆ ಹೊಟ್ಟೆ ತೆರೆದು ನೋಡುವುದು, ಅಲ್ಲಿಯವರೆಗೆ ಒಂದು ಹನಿ ನೀರೂ ಕೊಡಕೂಡದು ಎಂದು ಅಪ್ಪಣೆಯಾಯಿತು. ಗವಿಸಿದ್ದಪ್ಪ ಡಾಕ್ಟರ ಕೈ ಹಿಡಿದುಕೊಂಡ.

"ಆಕೀಗೆ ಮಾತ್ರ ಹೇಳಬ್ಯಾಡ್ರಿ ಸಾರ್. ಭಾಳ ಅಂಜುಬುರಕಿ. ಎದಿ ಒಡಕೊಂಡು ಇಲ್ಲೇ ಸತ್ತುಹೋಗ್ತಾಳ."

ಎದೆ ಒಡೆದು ಸಾಯುವ ಸ್ಥಿತಿ ಯಾರದಾಗಿತ್ತೆಂದು ಡಾಕ್ಟರಿಗೆ ಅವನು ಹಿಡಿದ ಕೈ ಬಿಡದೆ ನಿಂತದ್ದರಲ್ಲೇ ತಿಳಿಯಿತು. ಒಪ್ಪಿಕೊಂಡರು.

ಕೊಟ್ರಬಸಮ್ಮನ ಅಣ್ಣ ದೊಡ್ಡಬಸಪ್ಪ ಸಿರುಗುಪ್ಪದಿಂದ ಭತ್ತದ ಲಾರಿಯ ಜೊತೆ ಬಂದು ಆ ರಾತ್ರಿ ಬಳ್ಳಾರಿಯ ಮಂಡಿಯಲ್ಲೇ ಮಲಗಿದ್ದ. ಜಟಕಾದವನ ಕೈಲಿ ಹೇಳಿಕಳಿಸಿದ ಸುದ್ದಿ ಮುಟ್ಟಿ, ತಲೆಯ ಮೇಲೆ ಹೊಟ್ಟು ಅಂಟಿಸಿಕೊಂಡೇ ಒಂದು ಗಂಟೆಗೆ ಓಡಿ ಬಂದ. ಆಳು ಆರಡಿ, ದನಿ ಹನ್ನೆರಡಡಿ.

"ಏನಾಗೈತಿ ನನ್ನ ತಂಗೀಗೆ?"

"ಮೆಲ್ಲಕ, ಅಣ್ಣಾರೆ. ಹೊಟ್ಯಾಗ ಒಂದು ಗುಂಡು ಐತಂತ. ಮೊಟ್ಟಿಯಷ್ಟು."

"ಮೊಟ್ಟಿ?" ದೊಡ್ಡಬಸಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. "ಹನ್ನೆರಡು ಮಂದಿ ಜಂಗಮರಿಗೆ ಪಾದಪೂಜಿ ಮಾಡಿ ಧಾರಿ ಎರೆದ ಹುಡುಗಿ! ನಿಮ್ಮ ಮನ್ಯಾಗ ಆಕೀಗೆ ಮೊಟ್ಟಿ ತಿನಿಸೀರೇನು?"

"ಮೊಟ್ಟಿಯಷ್ಟು ಅಂದೆ, ಮೊಟ್ಟಿ ಅನ್ನಲಿಲ್ಲ!"

ಪಕ್ಕದ ಮಂಚದಲ್ಲಿ ಮೊಮ್ಮಗಳಿಗೆ ಗಾಳಿ ಬೀಸುತ್ತಿದ್ದ ಹಚ್ಚೊಳ್ಳಿಯ ಎರ್ರಮ್ಮ ಮುದುಕಿ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. ಎದ್ದು ಪಡಸಾಲೆಗೆ ಬಂದಳು.

"ನಾ ಹೇಳ್ಲೇನ್ರಪ? ಕಾಲುವಿ ನೀರು ಕುಡದಾಳ. ನಮ್ಮೂರಾಗ ಒಬ್ಬಾಕಿ ಹಿಂಗ ಕತ್ತಲ್ದಾಗ ಬೊಗಸಿಲೆ ನೀರು ಕುಡುದು ಹಾವಿನ ಮೊಟ್ಟಿ ನುಂಗಿದ್ಲು. ಅದು ಹೊಟ್ಯಾಗ ಕಾವು ಕೂತು ದಪ್ಪ ಆಗತೈತಿ."

ಗವಿಸಿದ್ದಪ್ಪನಿಗೆ ಮಿಂಚು ಹೊಡೆದಂತಾಯಿತು. ಹೋದ ತಿಂಗಳು ತಾನೇ ಕೊಟ್ರಬಸಮ್ಮ ತವರಿಗೆಂದು ಸಿರುಗುಪ್ಪಕ್ಕೆ ಹೋಗಿ ಎಂಟು ದಿನ ಇದ್ದು ಬಂದಿದ್ದಳು!

"ನೋಡ್ರಿ ಅಣ್ಣಾರೆ, ನಿಮ್ಮ ಕಾಲುವಿ!"

"ನಿಮ್ಮೂರ ಕಾಲುವಿ ಏನು ಕಾಶಿಯಿಂದ ಬರತೈತೇನು? ಎರಡೂ ತುಂಗಭದ್ರಾ ನೀರು!"

"ನಮ್ಮ ಮನ್ಯಾಗ ಸೋಸಿ ಕುಡೀತೀವಿ!"

"ನಮ್ಮ ಮನ್ಯಾಗ ಹಾವು ಮೊಟ್ಟಿ ಇಡಾಕ ಬಿಡಂಗಿಲ್ಲ!"

ಆಯಾ ಪಕ್ಕೀರಮ್ಮ ಪೊರಕೆ ಹಿಡಿದು ಬಂದು ಇಬ್ಬರನ್ನೂ ಹೊರಗೆ ಅಟ್ಟಿದಳು. ಇಂಜೆಕ್ಷನ್ನಿನ ಮಂಪರಿನಲ್ಲಿದ್ದ ಕೊಟ್ರಬಸಮ್ಮನಿಗೆ ಮಾತ್ರ ಇದೊಂದೂ ಕೇಳಿಸಿರಲಿಲ್ಲ. ಹೊರಗೆ ಬೇವಿನ ಮರದಡಿ ಇಬ್ಬರೂ ಒಪ್ಪಂದಕ್ಕೆ ಬಂದರು: ಜಗಳ ಆಮೇಲೆ, ಈಗ ಅವಳಿಗೆ ಯಾವುದೂ ಗೊತ್ತಾಗಕೂಡದು.

ಹಾಗಾಗಿ ಎರಡು ಗಂಟೆಯಿಂದ ಕೊಟ್ರಬಸಮ್ಮನ ಮಂಚದ ಬಳಿ ವಿಚಿತ್ರವಾದ ದರ್ಶನ ಶುರುವಾಯಿತು. ಅಣ್ಣ ಬಂದು ಕಾಲ ಬಳಿ ಕೂತು, "ಸಣ್ಣಾಕಿದ್ದಾಗ ನಿನಗೆ ಹೊಡೀತಿದ್ದೆ, ಮನಸಿನ್ಯಾಗ ಇಟ್ಕೋಬ್ಯಾಡವ್ವಾ," ಎಂದು ಮೂಗು ಸೊರಸೊರ ಮಾಡಿದ. ಎರ್ರಮ್ಮ ಬಂದು ಹೊಟ್ಟೆಯನ್ನೇ ದಿಟ್ಟಿಸಿ ನೋಡಿ, ಅದು ಅಲುಗಾಡುತ್ತದೆಯೇ ಎಂದು ಕಾದು, ನಮಸ್ಕಾರ ಮಾಡಿ ಹೋದಳು. ಗಂಡ ಬಂದು ತಲೆದಿಂಬು ಸರಿಮಾಡಿದ. ಮದುವೆಯಾದಂದಿನಿಂದ ಆತ ಮಾಡದ ಕೆಲಸ ಅದು. ಕೊಟ್ರಬಸಮ್ಮನಿಗೆ ಅಂಜಿಕೆ ಹತ್ತಿದ್ದು ಆಗಲೇ.

"ರೀ, ನನಗ ಹಸಿವಾಗೈತಿ. ಒಂದು ತುಂಡು ರೊಟ್ಟಿ…"

"ಹಸಿವು ಅಲ್ಲ ಅದು," ಎಂದ ಗವಿಸಿದ್ದಪ್ಪ ಮುಖ ತಿರುಗಿಸಿಕೊಂಡು. "ಅದು ನೋವು. ನಿನಗ ಗೊತ್ತಾಗಂಗಿಲ್ಲ."

ಐದು ಗಂಟೆಗೆ ಜಯತೀರ್ಥರು ಒಂದು ಕಾಗದ ಹಿಡಿದು ಬಂದರು. ಆಪರೇಷನ್ನಿಗೆ ಒಪ್ಪಿಗೆ ಪತ್ರ. ಇಂಥ ಕಾಗದಗಳಿಗೆ ಗವಿಸಿದ್ದಪ್ಪ ಊರವರ ಕೈಲಿ ನಿಂತಲ್ಲೇ ಸಹಿ ಹಾಕಿಸಿದ್ದ. "ಏನೂ ಆಗಂಗಿಲ್ಲ, ಗೀಚ್ರಿ!" ಎಂದು ಹೆಬ್ಬೆಟ್ಟು ಹಿಡಿದು ಒತ್ತಿಸಿದ್ದ. ಈಗ ಜಯತೀರ್ಥರು ಓದಿದರು.

"ಆಪರೇಷನ್ ಕಾಲಕ್ಕೆ ರೋಗಿಯ ಪ್ರಾಣಕ್ಕೆ ಅಪಾಯ ಒದಗಿದಲ್ಲಿ ಆಸ್ಪತ್ರೆ ಹೊಣೆಯಲ್ಲ. ಇಲ್ಲಿ ಮಾಡ್ರಿ ಸಹಿ."

ಗವಿಸಿದ್ದಪ್ಪ ಪೆನ್ನು ಹಿಡಿದ. ಗ ಬರೆದ. ವಿ ಬರೆಯಲಾಗಲಿಲ್ಲ.

ಅವನು ಆ ಕಾಗದವನ್ನು ನೋಡುತ್ತ ನಿಂತ. ಇದರಲ್ಲಿ ಬರೆದಿರುವ ರೋಗಿ ಬೇರೆ ಯಾರೋ ಅಲ್ಲ, ದಿನಾ ಬೆಳಿಗ್ಗೆ ಅವನ ತಂಬಿಗೆಗೆ ಬಿಸಿನೀರು ತುಂಬಿಡುವ ಕೊಟ್ರಬಸಮ್ಮ. ಈ ಕಾಗದಕ್ಕೆ ಸಹಿ ಹಾಕಿ, ಅವಳು ಒಳಗೆ ಹೋಗಿ, ಹೊರಗೆ ಬರದೆ ಹೋದರೆ? ಅವನಿಗೆ ಅತ್ತುಬಿಡುವಷ್ಟು ಭಯವಾಯಿತು. ಆಸ್ಪತ್ರೆಯ ಎಲ್ಲ ಬಾಗಿಲುಗಳನ್ನು ಬಲ್ಲವನಿಗೆ ಯಾವ ಕಡೆ ಹೋಗಬೇಕೆಂದು ತಿಳಿಯಲಿಲ್ಲ. ಡಾಕ್ಟರನ್ನು ಕೇಳೋಣವೆಂದರೆ ಅವರೂ ಹುಡುಗ. ದೊಡ್ಡಬಸಪ್ಪನನ್ನು ಕೇಳೋಣವೆಂದರೆ ಆತ ಬೇವಿನ ಮರ ತಬ್ಬಿಕೊಂಡು ನಿಂತಿದ್ದ. ಕೇಳುವುದಕ್ಕೆ ಉಳಿದಿದ್ದವಳು ಒಬ್ಬಳೇ.

"ಒಂದೀಟು ತಡೀರಿ," ಎಂದು ಪೆನ್ನು ಹಿಂದಕ್ಕೆ ಕೊಟ್ಟು ವಾರ್ಡಿನೊಳಗೆ ಹೋದ.

ಕೊಟ್ರಬಸಮ್ಮ ಎದ್ದು ಕೂತಿದ್ದಳು. ಅವನು ಮಂಚದ ಪಕ್ಕದ ನೆಲದ ಮೇಲೆ ಕೂತ.

"ಕೊಟ್ರಬಸಮ್ಮಾ," ಎಂದ. ಲೇ ಎನ್ನಲಿಲ್ಲ. "ನನಗೇನೂ ತಿಳೀವಲ್ದು. ಏನು ಮಾಡ್ಲಿ, ನೀನೇ ಹೇಳು."

ಅವಳು ಎರಡು ಕ್ಷಣ ಅವನನ್ನೇ ನೋಡಿದಳು. ಕಿವಿಯ ಮೇಲೆ ನಂಬಿಕೆ ಬರಲು ಅಷ್ಟು ಹೊತ್ತು ಬೇಕಾಯಿತು.

"ಏನಾಗೈತ್ರಿ? ಮೊದ್ಲು ಅದನ್ನ ಹೇಳ್ರಿ."

ಅವನು ಎಲ್ಲ ಹೇಳಿದ. ಫೋಟೋ, ಗುಂಡು, ಕಾಲುವೆ, ಏಳು ಗಂಟೆಯ ಕತ್ತರಿ.

"ಯವ್ವಾ," ಎಂದಳು ಕೊಟ್ರಬಸಮ್ಮ. ಸ್ವಲ್ಪ ಯೋಚಿಸಿದಳು. "ಎಷ್ಟು ದೊಡ್ಡದು ಐತ್ರಿ ಅದು?"

"ಮೊಟ್ಟಿಯಷ್ಟು."

ಅವಳು ಸೆರಗಿನೊಳಗಿಂದ ತನ್ನ ಲಿಂಗದ ಕರಡಿಗೆಯನ್ನು ಹೊರಗೆ ತೆಗೆದು ಹಿಡಿದಳು. "ಇಷ್ಟೇನು?"

"ಹೂಂ, ಇಷ್ಟೇ," ಎಂದ ಗವಿಸಿದ್ದಪ್ಪ ಕಣ್ಣೊರೆಸಿಕೊಳ್ಳುತ್ತ. "ಥೇಟ್ ಇಷ್ಟೇ. ಹಿಂಗ ನಡುವ ಉಬ್ಬು, ಹಿಂಗ ಎರಡೂ ಕಡಿ ಚೂಪು. ನೀನು ನೋಡಿದಂಗ ಹೇಳ್ತೀಯಲ್ಲ!"

"ಎಲ್ಲಿ ಇತ್ರಿ?"

"ಇಲ್ಲೇ. ಈಗ ನೀನು ಹಿಡದೀಯಲ್ಲ, ಅಲ್ಲೇ."

ಕೊಟ್ರಬಸಮ್ಮ ಕರಡಿಗೆಯನ್ನು ಹಾಗೇ ಹಿಡಿದು ಕೂತಳು. ಪಕ್ಕದ ಮಂಚದಲ್ಲಿ ಎರ್ರಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಪಕ್ಕೀರಮ್ಮನ ಪೊರಕೆ ನಿಂತಿತು. ಗವಿಸಿದ್ದಪ್ಪ ಕರಡಿಗೆಯನ್ನು ನೋಡಿದ, ಹೆಂಡತಿಯ ಮುಖ ನೋಡಿದ, ಮತ್ತೆ ಕರಡಿಗೆ ನೋಡಿದ. ಬಳ್ಳಾರಿಯ ಗುಡ್ಡ ತಲೆಯ ಮೇಲಿಂದ ಇಳಿದಂತೆ ಒಂದು ಉಸಿರು ಬಿಟ್ಟ.

"ಇದನ್ನ ಯಾಕ ತಗೀಲಿಲ್ಲ ನೀನು?" ಎಂದ ಕಡೆಗೆ, ಬಹಳ ಸಣ್ಣಗೆ.

"ಒಡವಿ ತಗಿ ಅಂದ್ರಿ, ತಗದೆ. ಲಿಂಗ ಒಡವಿ ಏನ್ರಿ? ಮೈಮ್ಯಾಲಿಂದ ಬ್ಯಾರೆ ಮಾಡಿದ್ರ ಆತೇನು? ನೀವು ತಗದೀರೇನು ನಿಮ್ಮದು?"

ಅವನು ಅಂಗಿಯ ಮೇಲಿಂದ ತನ್ನದನ್ನು ಮುಟ್ಟಿ ನೋಡಿಕೊಂಡ.

"ಮತ್ತ ನೋವು?"

"ನೋವು ರಾತ್ರಿ ಹತ್ತಕ್ಕೇ ನಿಂತೈತ್ರಿ. ತೇಗು ಬಂತು, ಹೋತು. ಆಗಿಂದ ಅದನ್ನ ಹೇಳಾಕ ಹತ್ತೀನಿ. ಕೇಳೋರು ಯಾರು?"

ಡಾಕ್ಟರು ಓಡಿ ಬಂದರು. ಮುಖ ಕೆಂಪಾಗಿತ್ತು. ಹೊಟ್ಟೆ ಬರಿದಾಗಿದೆ ಎಂಬ ಖಾತ್ರಿಗೆ ಇನ್ನೊಂದು ಫೋಟೋ ಬೇಕೆಂದರು, ಕರಡಿಗೆಯನ್ನು ತುಸು ಹೊತ್ತು ತೆಗೆದಿಡಬಹುದೇ ಎಂದು ಅಂಜುತ್ತ ಕೇಳಿದರು. ಗವಿಸಿದ್ದಪ್ಪ ಬಾಯಿ ತೆರೆದ, ಹೆಂಡತಿಯ ಕಡೆ ನೋಡಿ ಮುಚ್ಚಿಕೊಂಡ.

"ತಗ್ಯಂಗಿಲ್ರಿ," ಎಂದಳು ಕೊಟ್ರಬಸಮ್ಮ. "ಕೈಯಾಗ ಹಿಡಕಂತೀನಿ. ದಿನಾ ಪೂಜಿ ಮಾಡುವಾಗ ಹಿಡಕಳ್ಳಂಗಿಲ್ಲೇನು?"

ದಾರ ಕೊರಳಲ್ಲೇ ಇರಲು, ಅವಳು ಎಡಗೈಯ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಂಡು ಹೆಗಲಿಗಿಂತ ಮೇಲಕ್ಕೆ ಹಿಡಿದು, ಆ ತಣ್ಣನೆಯ ಮೇಜಿನ ಮೇಲೆ ಕಣ್ಣು ಮುಚ್ಚಿ ಮಲಗಿದಳು. ಎಕ್ಸ್‌ರೇಯವನು ಈ ಸಲ ಪೂರ್ತಿ ಎಚ್ಚರವಾಗಿದ್ದ. ಫಿಲ್ಮಿನಲ್ಲಿ ಹೊಟ್ಟೆ ಬೋಳಾಗಿತ್ತು. ಅಷ್ಟಿಷ್ಟು ಗಾಳಿ ಬಿಟ್ಟರೆ ಏನೂ ಇರಲಿಲ್ಲ.

"ಕ್ಷಮಿಸಬೇಕು ತಾಯಿ," ಎಂದರು ಡಾಕ್ಟರು ಕೈಜೋಡಿಸಿ. "ನಾನು ನಿಮ್ಮನ್ನೇ ಕೇಳಬೇಕಿತ್ತು."

"ನೀವು ಕೇಳಿದ್ರಿ ಸಾರ್," ಎಂದ ಗವಿಸಿದ್ದಪ್ಪ. "ನಾನು ಬಿಡಲಿಲ್ಲ."

ದೊಡ್ಡಬಸಪ್ಪ ಸುದ್ದಿ ಕೇಳಿ ತಂಗಿಯ ಕೈ ಹಿಡಿದು ಒಂದು ಸಲ ಅತ್ತು, ಭಾವನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಇಬ್ಬರಿಗೂ ಇಡ್ಲಿ ತಿನ್ನಿಸಿ ಬಸ್ಸಿಗೆ ಹತ್ತಿಸಿದ.

ಕುರುಗೋಡಿನ ಬಸ್ಸಿನಲ್ಲಿ, ಹಿಂದಿನ ದಿನ ಕೋರ್ಟಿನ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಚಿದಾನಂದಪ್ಪ ಸಿಕ್ಕಿದ. ಗವಿಸಿದ್ದಪ್ಪನ ಬಿಳಿ ಅಂಗಿ ಕಂಡದ್ದೇ, ಈ ಸಲ ಯಾರ ಕೇಸು ಎಂದು ಇಡೀ ಬಸ್ಸಿಗೆ ಕೇಳುವಂತೆ ಕೇಳಿದ. ಎಲ್ಲರೂ ತಿರುಗಿದರು. ಗವಿಸಿದ್ದಪ್ಪನ ಗಂಟಲಿನಲ್ಲಿ ಒಂದು ರಾತ್ರಿಯ ಮಾತು ತುಂಬಿಕೊಂಡಿತ್ತು. ನುಂಗಿಕೊಂಡು ಹೆಂಡತಿಯ ಕಡೆ ಕೈ ತೋರಿಸಿದ.

ಕೊಟ್ರಬಸಮ್ಮ ಸೆರಗು ಸರಿಮಾಡಿಕೊಂಡಳು. ಫೋಟೋದ ಕಥೆ ಹೇಳಿದಳು, ಮೊಟ್ಟೆಯ ಕಥೆ ಹೇಳಿದಳು. ಬಸ್ಸು ನಕ್ಕು ನಕ್ಕು ಕಣ್ಣೀರು ಹಾಕಿತು. ಒಡವೆ ಬಿಚ್ಚಿಸಿದವರು ಯಾರು, ಏನೂ ಇಲ್ಲವೆಂದು ಜೇಬು ಕುಲುಕಿಸಿದವರು ಯಾರು ಎಂಬುದು ಮಾತ್ರ ಅವಳ ಕಥೆಯಲ್ಲಿ ಬರಲಿಲ್ಲ.

"ಕೊಯ್ಯಾಕ ಎಲ್ಲಾ ತಯಾರಾಗಿತ್ತು," ಎಂದಳು. "ಕಾಗದ ತಂದ್ರು. ಇವ್ರು ಸಹಿ ಹಾಕಲಿಲ್ಲ. ಅದಕ್ಕ ಉಳದೀನಿ."

"ಅದ್ಹೆಂಗ ಗೊತ್ತಾತ್ರಿ ಗವಿಸಿದ್ದಪ್ಪಾರೆ, ಸಹಿ ಹಾಕಬಾರ್ದು ಅಂತ?" ಎಂದ ಚಿದಾನಂದಪ್ಪ, ಭಕ್ತಿಯಿಂದ.

"ಗೊತ್ತಾಗಲಿಲ್ಲಪ್ಪ," ಎಂದ ಗವಿಸಿದ್ದಪ್ಪ. "ಗೊತ್ತಾಗಲಾರದಕ್ಕ ಆಕೀನ್ನ ಕೇಳಿದೆ."

ಗೊತ್ತಿಲ್ಲ ಎಂಬ ಮಾತು ಆ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಚಿದಾನಂದಪ್ಪ ಅದನ್ನು ದೊಡ್ಡವರ ವಿನಯವೆಂದು ತಿಳಿದು ಕೈಮುಗಿದ. ಕೊಟ್ರಬಸಮ್ಮ ಗಂಡನ ಕಡೆ ತುಸು ಸರಿದು ಕೂತು, ಇನ್ನೊಂದು ಮಾತು ಶುರುಮಾಡಿದಳು, ಅದು ಮುಗಿಯುವ ಮೊದಲೇ ಮತ್ತೊಂದು. ಅವನು ಹೂಂ ಹೂಂ ಎನ್ನುತ್ತ ಕೇಳಿದ. ಇಪ್ಪತ್ತೆರಡು ವರ್ಷದ ಮಾತು ಅದು. ಕುರುಗೋಡು ಬಂತು, ಜನ ಇಳಿದರು, ಕಂಡಕ್ಟರು ಎರಡು ಸಲ ಸೀಟಿ ಊದಿದ, ಅವಳದು ಇನ್ನೂ ಮದುವೆಯ ಮೊದಲನೇ ವರ್ಷವೇ ದಾಟಿರಲಿಲ್ಲ.